ಅನುಭವವೇ ಕಲಿಸುತ್ತದೆ ಎಂಬ ಮಾತಿನ ಖಂಡನೆ

ಹೆರಿಗೆ ಹೊತ್ತಿನ ತುರ್ತು ಸ್ಥಿತಿಗಳಿಗೆ ಹೊಸ ನರ್ಸ್‌ಗಳನ್ನು ಸಜ್ಜುಗೊಳಿಸಲು ಇರುವ ದಾರಿಗಳಲ್ಲಿ ಅಣಕು ತರಬೇತಿ ಒಂದು. ಸಿಮ್ಯುಲೇಷನ್ ಎಂದು ಕರೆಯುವುದು ಇದನ್ನೇ. ಸಿಬ್ಬಂದಿಯಲ್ಲೇ ಒಬ್ಬರು ಬಟ್ಟೆ, ರೆಕ್ಸಿನ್‌ಗಳಿಂದ ಮಾಡಿದ ಹೊಟ್ಟೆಯನ್ನು ಸೊಂಟಕ್ಕೆ ಕಟ್ಟಿಕೊಂಡು ಹೆರಿಗೆ ಟೇಬಲ್ ಮೇಲೆ ಮಲಗುತ್ತಾರೆ. ಒಳಗಿನ ಚೀಲದಿಂದ ಕೆಂಪು ನೀರು ಹರಿಯುತ್ತದೆ. ಉಳಿದವರು ದಿನವೂ ಬಳಸುವ ಟ್ರೇ, ಸಿರಿಂಜು, ಡ್ರಿಪ್ ಸೆಟ್‌ಗಳನ್ನೇ ಹಿಡಿದು, ಗಡಿಯಾರ ನೋಡುತ್ತ, ಒಬ್ಬರಿಗೊಬ್ಬರು ಕೂಗಿ ಹೇಳುತ್ತ ಚಿಕಿತ್ಸೆ ಮಾಡುತ್ತಾರೆ. ಮುಗಿದ ಮೇಲೆ ಎಲ್ಲರೂ ಕೂತು ಏನು ನಡೆಯಿತು, ಎಲ್ಲಿ ತಡವಾಯಿತು, ಯಾವುದು ಕೈಗೆ ಸಿಗಲಿಲ್ಲ ಎಂದು ಮಾತಾಡುತ್ತಾರೆ. ಆಟ ಇದ್ದಷ್ಟೇ ಹೊತ್ತು ಈ ಮಾತುಕತೆಯೂ ಇರುತ್ತದೆ. ಕಲಿಕೆಯ ಬಹುಪಾಲು ಆಗುವುದು ಅಲ್ಲಿಯೇ.

ಇದನ್ನು ಹಗುರವಾಗಿ ಕಾಣುವವರೇ ಹೆಚ್ಚು. ‘ಗೊಂಬಿ ಮ್ಯಾಲ ಏನ್ ಕಲಿಯೂದು, ನಾಕು ಹೆರಿಗಿ ಮಾಡಿಸಿದ್ರ ತಾನ ಬರತೈತಿ’ ಎಂಬ ಮಾತು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾಗಳ ಹೆರಿಗೆ ಕೋಣೆಗಳಲ್ಲಿ ಮಾತ್ರವಲ್ಲ, ತರಬೇತಿಗೆ ಹಣ ಮಂಜೂರು ಮಾಡುವವರ ಮೇಜಿನ ಸುತ್ತಲೂ ಸಲೀಸಾಗಿ ಓಡಾಡುತ್ತದೆ. ಅನುಭವವೇ ಗುರು, ಕೇಸು ನೋಡುತ್ತ ನೋಡುತ್ತ ಕೈ ಪಳಗುತ್ತದೆ, ಉಳಿದದ್ದೆಲ್ಲ ಹೊತ್ತು ಹಾಳು ಎಂಬುದು ಇದರ ತಿರುಳು. ಕೇಳಲು ವಿವೇಕದಂತೆ ತೋರುವ ಈ ನಂಬಿಕೆ ಲೆಕ್ಕದಲ್ಲಿ ತಪ್ಪು, ನೀತಿಯಲ್ಲಿ ತಪ್ಪು. ಅದರ ಬೆಲೆಯನ್ನು ತೆರುತ್ತಿರುವವರು ಬಾಣಂತಿಯರು ಮತ್ತು ಹಸುಗೂಸುಗಳು.

ಮೊದಲು ಲೆಕ್ಕ. ತಿಂಗಳಿಗೆ 20 ಹೆರಿಗೆಯಾಗುವ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ ಇದೆ ಎಂದಿಟ್ಟುಕೊಳ್ಳಬೇಕು. ವರ್ಷಕ್ಕೆ 240 ಹೆರಿಗೆ. ಪಾಳಿಯ ಮೇಲೆ ಮೂವರು ನರ್ಸ್‌ಗಳಿದ್ದರೆ ಒಬ್ಬೊಬ್ಬರ ಪಾಲಿಗೆ 80. ಹೆರಿಗೆಯ ನಂತರ ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವುದು ನೂರರಲ್ಲಿ ಸುಮಾರು 6 ಮಂದಿಗೆ, ಒಂದು ಲೀಟರ್ ದಾಟುವುದು ಸುಮಾರು ಇಬ್ಬರಿಗೆ. ಅಂದರೆ ಆ ನರ್ಸ್ ಇಡೀ ವರ್ಷದಲ್ಲಿ ನಾಲ್ಕೈದು ರಕ್ತಸ್ರಾವಗಳನ್ನು, ಅವುಗಳಲ್ಲಿ ಒಂದೋ ಎರಡೋ ಭಾರಿ ಸ್ರಾವಗಳನ್ನು ನೋಡಿಯಾರು. ನಂಜು ಏರಿ ಫಿಟ್ಸ್ ಬರುವುದು ನೂರಕ್ಕೆ ಒಂದು ಎಂದು ಹಿಡಿದರೂ ವರ್ಷಕ್ಕೆ ಒಂದು ಕೇಸೂ ಪಾಲಿಗೆ ಬರುವುದಿಲ್ಲ. ತಲೆ ಹೊರಬಂದು ಭುಜ ಸಿಕ್ಕಿಕೊಳ್ಳುವುದೂ ಅಷ್ಟೇ ವಿರಳ. ಹೊಕ್ಕುಳಬಳ್ಳಿ ಮಗುವಿಗಿಂತ ಮೊದಲೇ ಜಾರಿ ಬರುವುದನ್ನು ಕೆಲವರು ಐದಾರು ವರ್ಷದ ಸೇವೆಯಲ್ಲೂ ಕಾಣುವುದಿಲ್ಲ. ಅಪಾಯದ ಲಕ್ಷಣವಿದ್ದ ಬಸುರಿಯರನ್ನು ಮೊದಲೇ ಮೇಲಿನ ಆಸ್ಪತ್ರೆಗೆ ಕಳಿಸುವುದರಿಂದ ಈ ಸಂಖ್ಯೆ ಇನ್ನೂ ಇಳಿಯುತ್ತದೆ. ಹೀಗಿರುವಾಗ ‘ನಾಕು ಹೆರಿಗಿ’ ಕಲಿಸುವುದು ಏನನ್ನು? ಸಹಜ ಹೆರಿಗೆಯನ್ನು. ತುರ್ತು ಸ್ಥಿತಿಯನ್ನು ಅನುಭವ ಕಲಿಸಲು ಹತ್ತಾರು ವರ್ಷ ಬೇಕು, ಗುತ್ತಿಗೆಯ ಮೇಲೆ ಬಂದ ನರ್ಸ್ ಅಷ್ಟು ಕಾಲ ಒಂದೇ ಕಡೆ ಇರುವುದಿಲ್ಲ.

ಇನ್ನು ಆ ನಾಲ್ಕೈದು ರಕ್ತಸ್ರಾವಗಳಾದರೂ ಪಾಠವಾಗುವುದು ಹೇಗೆ? ತುಂಬು ಬಸುರಿಯ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರಿಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಾಸು ಬಿದ್ದ ಮೇಲೆ ಗರ್ಭಕೋಶ ಬಿಗಿಯಾಗದಿದ್ದರೆ ಆರೋಗ್ಯವಂತ ಹೆಣ್ಣೂ ಒಂದೆರಡು ತಾಸಿನಲ್ಲಿ ಹೋಗಬಹುದು. ರಾಜ್ಯದ ಗರ್ಭಿಣಿಯರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಮೊದಲೇ ರಕ್ತ ಕಡಿಮೆ ಇದ್ದವಳಿಗೆ ಸಿಗುವ ಹೊತ್ತು ಇನ್ನೂ ಕಡಿಮೆ. ಇಂಥವಳ ಎದುರು ನಿಂತು ಮೊದಲ ಬಾರಿಗೆ ಕಲಿಯಲಿ ಎನ್ನುವುದೆಂದರೆ ಅವಳನ್ನು ಪಾಠದ ಸಾಮಗ್ರಿ ಮಾಡುವುದು. ಅದೂ ಖಾಸಗಿ ನರ್ಸಿಂಗ್ ಹೋಮಿಗೆ ಹೋಗಲು ಶಕ್ತಿಯಿಲ್ಲದವರನ್ನೇ ಆರಿಸಿ. ಈ ಏರ್ಪಾಡನ್ನು ಯಾರೂ ಬಾಯಿಬಿಟ್ಟು ಸಮರ್ಥಿಸುವುದಿಲ್ಲ, ಆದರೆ ಅಣಕು ತರಬೇತಿ ಬೇಡ ಎನ್ನುವ ಪ್ರತಿಯೊಬ್ಬರೂ ಇದನ್ನೇ ಸಮರ್ಥಿಸುತ್ತಿದ್ದಾರೆ.

ಅನುಭವ ತಾನಾಗಿ ಸರಿಯಾದದ್ದನ್ನೇ ಕಲಿಸುತ್ತದೆ ಎಂಬುದೂ ನಿಜವಲ್ಲ. ಇದಕ್ಕೆ ಅತ್ಯುತ್ತಮ ಸಾಕ್ಷಿ ಕರ್ನಾಟಕದಲ್ಲೇ ಇದೆ. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ಸಂಶೋಧಕರು ವಿದೇಶಿ ಸಹೋದ್ಯೋಗಿಗಳೊಂದಿಗೆ ಸೇರಿ ಬಾಣಂತಿಯ ಕೆಳಗೆ ಹಾಸುವ, ತುದಿಯಲ್ಲಿ ಅಳತೆಗೆರೆಗಳಿರುವ ಪ್ಲಾಸ್ಟಿಕ್ ಚೀಲವೊಂದನ್ನು ರೂಪಿಸಿದರು. 2006ರಲ್ಲಿ ಪ್ರಕಟವಾದ ಹೋಲಿಕೆಯಲ್ಲಿ, ಕಣ್ಣಂದಾಜಿನ ರಕ್ತ ಚೀಲದ ಅಳತೆಗಿಂತ ಮೂರನೇ ಒಂದು ಪಾಲು ಕಡಿಮೆ ಬಂದಿತ್ತು. ‘ಇಷ್ಟು ಹೋಗೋದು ಸಹಜ’ ಎಂದು ನೂರಾರು ಸಲ ಹೇಳಿಕೊಂಡ ಕಣ್ಣು, ಅಸಹಜವಾದದ್ದನ್ನೂ ಸಹಜವೆಂದೇ ಕಾಣುತ್ತದೆ. ತಾನು ಅಂದಾಜು ಮಾಡಿದ್ದು ತಪ್ಪು ಎಂದು ತೋರಿಸಿಕೊಡುವವರು ಇಲ್ಲದೆ ಹೋದರೆ ವರ್ಷ ಕಳೆದಂತೆ ತಪ್ಪು ಗಟ್ಟಿಯಾಗುತ್ತದೆ, ಅದರ ಜೊತೆಗೆ ಆತ್ಮವಿಶ್ವಾಸವೂ. ಬ್ಯಾನಿ ಜೋರಾಗಲೆಂದು ಆಕ್ಸಿಟೋಸಿನ್ ಚುಚ್ಚುವುದು, ಹೊಟ್ಟೆಯ ಮೇಲೆ ಕೈಯೂರಿ ಒತ್ತುವುದು, ಮಾಸು ಬಿಡುವ ಮೊದಲೇ ಬಳ್ಳಿ ಎಳೆಯುವುದು, ಇವೆಲ್ಲ ಅನುಭವಸ್ಥರಿಂದ ಹೊಸಬರಿಗೆ ಕೈಯಿಂದ ಕೈಗೆ ಬಂದ ವಿದ್ಯೆಗಳೇ.

ಅದೇ ಬಗೆಯ ಅಳತೆಯ ಚೀಲ ಮುಂದೆ ಕೆನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ತಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳ ‘ಇ-ಮೋಟಿವ್’ ಪ್ರಯೋಗದಲ್ಲಿ ಬಳಕೆಯಾಯಿತು. 2023ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಹಳೆಯ ಪದ್ಧತಿಯಲ್ಲಿ ರಕ್ತಸ್ರಾವ ಗುರುತಿಗೆ ಬಂದದ್ದು ಸುಮಾರು 51%, ಹೊಸದರಲ್ಲಿ 93%. ಭಾರಿ ರಕ್ತಸ್ರಾವ, ಅದಕ್ಕಾಗಿ ಹೊಟ್ಟೆ ತೆರೆಯುವ ಶಸ್ತ್ರಚಿಕಿತ್ಸೆ ಅಥವಾ ಅದರಿಂದ ಸಾವು, ಇವು ಮೂರೂ ಸೇರಿದ ಪ್ರಮಾಣ 4.3%ರಿಂದ 1.6%ಕ್ಕೆ ಇಳಿಯಿತು. ಗರ್ಭಕೋಶ ನೀವುವುದು, ಆಕ್ಸಿಟೋಸಿನ್, ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಪರೀಕ್ಷೆ, ಇಷ್ಟನ್ನು ಒಂದಾದ ಮೇಲೊಂದಕ್ಕೆ ಕಾಯದೆ ಒಟ್ಟಿಗೇ ಮಾಡುವುದು ಅಲ್ಲಿನ ಕ್ರಮ. ಇದನ್ನು ಅಲ್ಲಿಯ ದಾದಿಯರಿಗೆ ಕಲಿಸಿದ್ದು ಅವರವರ ಹೆರಿಗೆ ಕೋಣೆಯಲ್ಲೇ ಮಾಡಿದ ಅಣಕು ತರಬೇತಿಯ ಮೂಲಕ. ಚೀಲವೊಂದೇ ಈ ಫಲ ಕೊಟ್ಟಿತು ಎನ್ನಲಾಗದು, ತರಬೇತಿಯೊಂದೇ ಕೊಟ್ಟಿತು ಎಂದೂ ಹೇಳಬಾರದು. ಆದರೆ ಆ ಫಲಕ್ಕೆ ಕಾರಣವಾದ ಕಟ್ಟಿನಲ್ಲಿ ತರಬೇತಿಯೂ ಒಂದು ಎಳೆ.

ಭುಜ ಸಿಕ್ಕಿಕೊಳ್ಳುವ ಹೆರಿಗೆಯ ವಿಷಯದಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ಸೌತ್‌ಮೀಡ್ ಆಸ್ಪತ್ರೆ ಇನ್ನೂ ನೇರವಾದ ಉತ್ತರ ಕೊಟ್ಟಿದೆ. ಎಲ್ಲ ಸಿಬ್ಬಂದಿಗೂ ಗೊಂಬೆಯ ಮೇಲೆ ಅಭ್ಯಾಸ ಕಡ್ಡಾಯ ಮಾಡಿದ ಮೇಲೆ, ಅಂಥ ಹೆರಿಗೆಗಳಲ್ಲಿ ಮಗುವಿಗೆ ಪೆಟ್ಟಾಗುವುದು 9.3%ರಿಂದ 2.3%ಕ್ಕೆ ಇಳಿಯಿತು ಎಂದು 2008ರಲ್ಲಿ ವರದಿಯಾಯಿತು. ಅಲ್ಲಿ ತರಬೇತಿಗೆ ಮುಂಚೆ ಅನುಭವಸ್ಥರ ಕೊರತೆಯೇನೂ ಇರಲಿಲ್ಲ.

ಗೊಂಬೆ ಎಂದು ನಗುವವರು ಸಾಮಾನ್ಯವಾಗಿ ಇದನ್ನು ಈಚಿನ ವಿದೇಶಿ ಶೋಕಿ ಎಂದುಕೊಂಡಿರುತ್ತಾರೆ. ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕುದ್ರೆ 18ನೇ ಶತಮಾನದಲ್ಲೇ ಬಟ್ಟೆ, ಚರ್ಮಗಳಿಂದ ಹೆರುವ ಹೆಣ್ಣಿನ ಮಾದರಿಯನ್ನು ಹೊಲಿಸಿ, 1759ರಲ್ಲಿ ದೊರೆ ಹದಿನೈದನೇ ಲೂಯಿಯ ಅಪ್ಪಣೆ ಪಡೆದು, ದೇಶದ ಹಳ್ಳಿಗಾಡಿನ ಸಾವಿರಾರು ಹೆಂಗಸರಿಗೆ ಅದರ ಮೇಲೆ ಹೆರಿಗೆ ಕಲಿಸಿದಳು. ಓದುಬರಹ ಬಾರದವರಿಗೆ ಕೈಯೇ ಪುಸ್ತಕವಾಗಬೇಕು ಎಂಬುದನ್ನು ಆಕೆ ಕಂಡುಕೊಂಡಿದ್ದಳು.

ನಮ್ಮ ಸೂಲಗಿತ್ತಿಯರು ಯಾವ ಗೊಂಬೆಯ ಮೇಲೆ ಕಲಿತರು ಎಂಬ ಪ್ರಶ್ನೆ ಇಲ್ಲಿ ಬಂದೇ ಬರುತ್ತದೆ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರ ಹೆಸರನ್ನು ಮುಂದಿಡುತ್ತಾರೆ. ಸುಮಾರು 15 ಸಾವಿರ ಹೆರಿಗೆ ಮಾಡಿಸಿ, 2018ರಲ್ಲಿ ಪದ್ಮಶ್ರೀ ಪಡೆದ ಆ ತಾಯಿಯನ್ನು ಮುಂದಿಟ್ಟರೆ ಎದುರಾಡಲು ಯಾರಿಗೂ ಮನಸ್ಸಾಗುವುದಿಲ್ಲ. ಆದರೆ ನರಸಮ್ಮ ಕಲಿತದ್ದು ಅಜ್ಜಿಯ ಪಕ್ಕದಲ್ಲಿ ನಿಂತು, ಅಜ್ಜಿಯ ಕೈ ನೋಡುತ್ತ. ತಪ್ಪಿದರೆ ತಿದ್ದುವ ಹಿರಿಯ ಕೈ ಜೊತೆಗಿತ್ತು, ಅದಕ್ಕೆ ವರ್ಷಗಳ ಬಿಡುವೂ ಇತ್ತು. ಇಂದಿನ ಹೊಸ ನರ್ಸ್‌ಗೆ ಆ ಅಜ್ಜಿ ಎಲ್ಲಿದ್ದಾಳೆ? ಸ್ವಂತ ಆಸ್ಪತ್ರೆಯಿಲ್ಲದ ಕಾಲೇಜಿನಲ್ಲಿ ಓದಿ, ಗಿಜಿಗುಡುವ ಸರ್ಕಾರಿ ಹೆರಿಗೆ ಕೋಣೆಯಲ್ಲಿ ಹತ್ತು ಜನರ ಹಿಂದೆ ತುದಿಗಾಲಲ್ಲಿ ನಿಂತು ನೋಡಿ, ಕೇಸ್ ಬುಕ್ಕಿಗೆ ಸಹಿ ಹಾಕಿಸಿಕೊಂಡು ಬಂದ ಹುಡುಗಿ, ನೇಮಕವಾದ ವಾರದಲ್ಲೇ ರಾತ್ರಿ ಪಾಳಿಗೆ ಒಬ್ಬಳೇ ನಿಲ್ಲುತ್ತಾಳೆ. ಜೊತೆಗೆ ಒಬ್ಬ ಆಯಾ, ಬಾಗಿಲಾಚೆ ಆಶಾ ಕಾರ್ಯಕರ್ತೆ. ಸೂಲಗಿತ್ತಿ ಪರಂಪರೆಯನ್ನು ಗೌರವಿಸುವವರು ಮೊದಲು ಕೇಳಬೇಕಾದದ್ದು ಅದರಲ್ಲಿದ್ದ ಶಿಷ್ಯವೃತ್ತಿ ಎಲ್ಲಿ ಹೋಯಿತು ಎಂದು.

ಕೈಯ ಕೆಲಸವೆಂದರೆ ಏನು ಎಂಬುದನ್ನು ಒಂದು ಚಿಕಿತ್ಸೆಯಲ್ಲಿ ನೋಡಬಹುದು. ನಂಜಿನಿಂದ ಫಿಟ್ಸ್ ಬಂದ ಬಸುರಿಗೆ ಮೇಲಿನ ಆಸ್ಪತ್ರೆಗೆ ಕಳಿಸುವ ಮುನ್ನ ಪ್ರಾಥಮಿಕ ಕೇಂದ್ರದಲ್ಲೇ ಮ್ಯಾಗ್ನೀಷಿಯಂ ಸಲ್ಫೇಟಿನ ಮೊದಲ ಡೋಸ್ ಕೊಡಬೇಕು: 10 ಗ್ರಾಂ, ಎರಡೂ ಪೃಷ್ಠಗಳಿಗೆ 5 ಗ್ರಾಂನಂತೆ, ಆಳವಾದ ಸ್ನಾಯುವಿಗೆ. ಬರೆದು ತೋರಿಸಿದರೆ ಒಂದು ಸಾಲು. 50% ದ್ರಾವಣದ ಆಂಪ್ಯೂಲ್ ಒಂದರಲ್ಲಿ ಇರುವುದು 2 ಮಿ.ಲೀ., ಅಂದರೆ 1 ಗ್ರಾಂ. ಹತ್ತು ಆಂಪ್ಯೂಲ್‌ಗಳ ಕತ್ತು ಮುರಿಯಬೇಕು, ಒಂದೊಂದನ್ನೂ ಎಳೆದುಕೊಳ್ಳಬೇಕು, 10 ಮಿ.ಲೀ.ನ ಎರಡು ಸಿರಿಂಜು ತುಂಬಬೇಕು, ಉದ್ದನೆಯ ಸೂಜಿ ಹಾಕಬೇಕು. ಅಷ್ಟು ಹೊತ್ತೂ ಆಕೆ ಟೇಬಲ್ಲಿನಿಂದ ಬೀಳದಂತೆ, ನಾಲಿಗೆ ಕಚ್ಚಿಕೊಳ್ಳದಂತೆ, ವಾಂತಿ ಉಸಿರಿನ ದಾರಿಗೆ ಹೋಗದಂತೆ ಎಡ ಮಗ್ಗುಲಿಗೆ ಮಲಗಿಸಿ ಹಿಡಿದಿರಬೇಕು, 108ಕ್ಕೆ ಫೋನ್ ಹೋಗಬೇಕು, ಗಾಬರಿಯಾದ ಅತ್ತೆ, ಗಂಡನಿಗೆ ಒಂದು ಮಾತು ಹೇಳಬೇಕು. ಪರೀಕ್ಷೆಯಲ್ಲಿ ಡೋಸ್ ಸರಿಯಾಗಿ ಬರೆದವಳ ಕೈಯೂ ಇಲ್ಲಿ ನಡುಗುತ್ತದೆ. ಆಂಪ್ಯೂಲ್ ಒಡೆದು ಬೆರಳು ಕುಯ್ಯುತ್ತದೆ, ಎಣಿಕೆ ತಪ್ಪುತ್ತದೆ. ಹತ್ತು ಆಂಪ್ಯೂಲ್ ಎಳೆಯಲು ಎಷ್ಟು ನಿಮಿಷ ಬೇಕು, ಒಬ್ಬಳು ಎಳೆಯುವಾಗ ಇನ್ನೊಬ್ಬರು ಏನು ಮಾಡಬೇಕು ಎಂಬುದು ಒಂದೇ ಒಂದು ಅಣಕು ಅಭ್ಯಾಸದಲ್ಲಿ ಕೈಗೆ ಹತ್ತುತ್ತದೆ. ನೂರು ಸಹಜ ಹೆರಿಗೆಗಳಲ್ಲಿ ಹತ್ತುವುದಿಲ್ಲ.

ಎದುರು ವಾದಗಳಲ್ಲಿ ತೂಕವುಳ್ಳದ್ದು ಒಂದಿದೆ. ವೈದ್ಯರಿಲ್ಲ, ರಕ್ತವಿಲ್ಲ, ಹುದ್ದೆಗಳು ಖಾಲಿ, ಹನುಮಸಾಗರದಿಂದ ಕೊಪ್ಪಳದ ಜಿಲ್ಲಾಸ್ಪತ್ರೆಗೆ 60 ಕಿಲೋಮೀಟರಿಗೂ ಹೆಚ್ಚು ದಾರಿ, ಹೀಗಿರುವಾಗ ನರ್ಸ್‌ಗೆ ತರಬೇತಿ ಕೊಟ್ಟು ಏನು ಸಾಧಿಸಿದಂತಾಯಿತು ಎಂಬುದು. ಈ ಕೊರತೆಗಳು ಸುಳ್ಳಲ್ಲ. ಸಂಶೋಧಕಿ ಆಶಾ ಜಾರ್ಜ್ ಕೊಪ್ಪಳ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನ, ಇಲ್ಲಿ ತಾಯಂದಿರ ಸಾವು ಇಳಿಯದಿರಲು ಕಾರಣಗಳನ್ನು ಆರೋಗ್ಯ ವ್ಯವಸ್ಥೆಯ ಒಳಗೇ ತೋರಿಸಿತು: ಮಾಹಿತಿಯ ದೌರ್ಬಲ್ಯ, ನಡುವೆ ಕಡಿದುಹೋಗುವ ಆರೈಕೆ, ಬೆಂಬಲವಿಲ್ಲದ ಸಿಬ್ಬಂದಿ, ಗೊತ್ತುಗುರಿಯಿಲ್ಲದ ರೆಫರಲ್, ದಿಕ್ಕುತಪ್ಪಿದ ಹೊಣೆಗಾರಿಕೆ. ಆ ಪಟ್ಟಿಯಲ್ಲಿ ಬೆಂಬಲವಿಲ್ಲದ ಸಿಬ್ಬಂದಿಯೂ ಇದ್ದಾರೆ ಎಂಬುದನ್ನು ಈ ವಾದದವರು ಗಮನಿಸುವುದಿಲ್ಲ. ದಾರಿ ದೂರವಿದ್ದಷ್ಟೂ ಹೊರಡುವ ಮುನ್ನ ಮಾಡಬೇಕಾದ ಕೆಲಸದ ಬೆಲೆ ಹೆಚ್ಚುತ್ತದೆ. ಜಿಲ್ಲಾಸ್ಪತ್ರೆ ಪಕ್ಕದಲ್ಲೇ ಇದ್ದವರಿಗೆ ಗರ್ಭಕೋಶವನ್ನು ಎರಡೂ ಕೈಗಳ ನಡುವೆ ಅದುಮಿ ಹಿಡಿಯುವ ಕಲೆ ಅಷ್ಟೇನೂ ಬೇಕಾಗಲಿಕ್ಕಿಲ್ಲ, ಕುಷ್ಟಗಿ, ಯಲಬುರ್ಗಾಗಳ ಒಳಹಳ್ಳಿಯ ಕೇಂದ್ರದವರಿಗೆ ಬೇಕೇ ಬೇಕು.

ಅಷ್ಟೇ ಅಲ್ಲ, ತನ್ನದೇ ಹೆರಿಗೆ ಕೋಣೆಯಲ್ಲಿ ಮಾಡುವ ಅಣಕು ಅಭ್ಯಾಸ ವ್ಯವಸ್ಥೆಯ ಕೊರತೆಯನ್ನು ಮುಚ್ಚಿಡುವುದಿಲ್ಲ, ಎಳೆದು ಹೊರಗಿಡುತ್ತದೆ. ಆಟ ಶುರುವಾಗಿ ‘ಆಕ್ಸಿಟೋಸಿನ್ ತಾ’ ಎಂದಾಗ ಅದು ಫ್ರಿಜ್ಜಿನಲ್ಲಿಲ್ಲ, ಕಿಟಕಿ ಪಕ್ಕದ ಟ್ರೇನಲ್ಲಿದೆ. 2ರಿಂದ 8 ಡಿಗ್ರಿಯಲ್ಲಿ ಇರಬೇಕಾದ ಔಷಧ ಏಪ್ರಿಲ್ ಬಿಸಿಲಿನಲ್ಲಿ ಕಾದಿದೆ. ತುರ್ತು ಔಷಧದ ಕಪಾಟಿನ ಬೀಗದ ಕೈ ಮನೆಗೆ ಹೋದವರ ಬಳಿ ಇದೆ. ಆಂಬು ಬ್ಯಾಗ್ ಇದೆ, ಹಸುಗೂಸಿನ ಮುಖಕ್ಕೆ ಹೊಂದುವ ಮಾಸ್ಕ್ ಇಲ್ಲ. ಆಕ್ಸಿಜನ್ ಸಿಲಿಂಡರ್ ತುಂಬಿದೆ, ತಿರುಗಿಸುವ ಕೀಲಿ ಇಲ್ಲ. ರಿಜಿಸ್ಟರಿನಲ್ಲಿ ಇವೆಲ್ಲ ‘ಇದೆ’ ಎಂದೇ ಬರೆದಿರುತ್ತದೆ. ತಪಾಸಣೆಗೆ ಬಂದವರು ಟಿಕ್ ಹಾಕಿ ಹೋಗಿರುತ್ತಾರೆ. ಹುಟ್ಟಿದ ಕೂಸು ಅಳದಿದ್ದರೆ ಮೊದಲ ಒಂದು ನಿಮಿಷದೊಳಗೆ ಉಸಿರು ಕೊಡಲು ಶುರು ಮಾಡಬೇಕು. ಆ ನಿಮಿಷದಲ್ಲಿ ಮಾಸ್ಕ್ ಹುಡುಕಬೇಕಾಗುತ್ತದೆ ಎಂಬುದು ಗೊತ್ತಾಗಲು ಒಂದು ಕೂಸು ಹೋಗಬೇಕೇ, ಒಂದು ಗೊಂಬೆ ಸಾಕೇ?

ತರಬೇತಿಗೂ ಮಿತಿಯಿದೆ. 2024ರ ನವೆಂಬರಿನಲ್ಲಿ ಪಕ್ಕದ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ಸತ್ತಾಗ ಅನುಮಾನ ಬಿದ್ದದ್ದು ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ. ರಾಜ್ಯ ಸರ್ಕಾರ ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿಯೇ ಕೆಟ್ಟಿದ್ದರೆ ಅದನ್ನು ಏರಿಸುವ ಕೈ ಎಷ್ಟು ಪಳಗಿದ್ದರೂ ಪ್ರಯೋಜನವಿಲ್ಲ. ಅದರ ಹೊಣೆ ಖರೀದಿಸುವವರದು, ಪರೀಕ್ಷಿಸುವವರದು. ತರಬೇತಿಯ ಹೆಸರು ಹೇಳಿ ಆ ಹೊಣೆಯಿಂದ ಯಾರೂ ಜಾರಿಕೊಳ್ಳುವಂತಿಲ್ಲ.

‘ಗೊಂಬೆಯಾಟ’ ಎಂಬ ತಿರಸ್ಕಾರಕ್ಕೆ ಇಲಾಖೆಯೂ ಪಾಲುದಾರ. ತರಬೇತಿ ಎಂದರೆ ಜಿಲ್ಲಾ ಕೇಂದ್ರದ ಸಭಾಂಗಣ, ಹಾಜರಿ ಸಹಿ, ಪರದೆಯ ಮೇಲೆ ಸ್ಲೈಡು, ಮಧ್ಯಾಹ್ನದ ಊಟ, ಸಂಜೆ ಪ್ರಮಾಣಪತ್ರ, ಮುಂದಿನ ಸರದಿ ಯಾವಾಗಲೋ. ಗೊಂಬೆ ಮೂಲೆಯ ಪೆಟ್ಟಿಗೆಯಲ್ಲೇ ಉಳಿಯುತ್ತದೆ, ಹೊರತೆಗೆದರೂ ಮೂವತ್ತು ಜನರಲ್ಲಿ ಇಬ್ಬರು ಮುಟ್ಟುತ್ತಾರೆ. ಇದರಿಂದ ಏನೂ ಆಗುವುದಿಲ್ಲ ಎನ್ನುವವರು ಸರಿಯಾಗಿಯೇ ಹೇಳುತ್ತಾರೆ. ತಾಂಜಾನಿಯಾದ ಹೇಡೊಮ್ ಆಸ್ಪತ್ರೆಯಲ್ಲಿ ಹಸುಗೂಸಿಗೆ ಉಸಿರು ಕೊಡುವ ಒಂದು ದಿನದ ತರಬೇತಿ ನಡೆದಾಗ ಗೊಂಬೆಯ ಮೇಲೆ ಎಲ್ಲರ ಕೈ ಸುಧಾರಿಸಿತು, ಹೆರಿಗೆ ಕೋಣೆಯಲ್ಲಿ ಅದರ ಗುರುತು ಕಾಣಲಿಲ್ಲ. ಅದೇ ಆಸ್ಪತ್ರೆ ಮುಂದೆ ಕೋಣೆಯ ಪಕ್ಕದಲ್ಲೇ ಗೊಂಬೆ ಇಟ್ಟು, ಕೆಲವೇ ನಿಮಿಷಗಳ ಅಭ್ಯಾಸವನ್ನು ಪದೇ ಪದೇ ಮಾಡಿಸಿತು. ಹುಟ್ಟಿದ 24 ತಾಸಿನೊಳಗಿನ ಸಾವು ಸಾವಿರಕ್ಕೆ 11.1ರಿಂದ 7.2ಕ್ಕೆ ಇಳಿಯಿತು. ಬೆಳಗಾವಿಯಲ್ಲೂ ಇದೇ ಗೊಂಬೆಯ ತರಬೇತಿ ಪಡೆದ ಸುಮಾರು 600 ಸಿಬ್ಬಂದಿಯ ಅಧ್ಯಯನ (2013) ಸತ್ತು ಹುಟ್ಟುವ ಕೂಸುಗಳ ಪ್ರಮಾಣ 3.0%ರಿಂದ 2.3%ಕ್ಕೆ ಇಳಿದದ್ದನ್ನು ದಾಖಲಿಸಿತು, ತಿಂಗಳೊಳಗಿನ ಶಿಶು ಮರಣದಲ್ಲಿ ಬದಲಾವಣೆ ಕಾಣಲಿಲ್ಲ. ಬೆಳಗಾವಿ, ನಾಗಪುರ, ಕೆನ್ಯಾದ ಎಲ್ಡೊರೆಟ್‌ಗಳನ್ನು ಸೇರಿಸಿಕೊಂಡ ನಂತರದ ಅಧ್ಯಯನದಲ್ಲಿ ಒಟ್ಟಾರೆ ಇಳಿಕೆ ಸಿಗಲಿಲ್ಲ. ಈ ಫಲಿತಾಂಶಗಳನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ. ಒಮ್ಮೆ ಕಲಿಸಿ ಬಿಟ್ಟ ವಿದ್ಯೆ ಹೆರಿಗೆ ಕೋಣೆಯವರೆಗೆ ಬರುವುದಿಲ್ಲ ಎಂಬುದಕ್ಕೆ ಹೇಡೊಮ್ ಆಸ್ಪತ್ರೆಯ ಎರಡು ಹಂತಗಳೇ ಸಾಕ್ಷಿ.

ಪದೇ ಪದೇ, ಅವರವರ ಜಾಗದಲ್ಲೇ ಕಲಿಸುವುದು ಉತ್ತರ ಕರ್ನಾಟಕದಲ್ಲಿ ಆಗದ ಮಾತು ಎನ್ನುವವರು ಸುಕ್ಷೇಮ ಯೋಜನೆಯನ್ನು ಮರೆತಿದ್ದಾರೆ. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ, ಬೆಂಗಳೂರಿನ ಸೇಂಟ್ ಜಾನ್ಸ್ ಮೊದಲಾದ ಸಂಸ್ಥೆಗಳು ರಾಜ್ಯ ಸರ್ಕಾರದೊಂದಿಗೆ ಕೊಪ್ಪಳವೂ ಸೇರಿ ಎಂಟು ಜಿಲ್ಲೆಗಳಲ್ಲಿ ನಡೆಸಿದ ಆ ಯೋಜನೆ ಮೂಲತಃ ಸಿಮ್ಯುಲೇಷನ್ನಿನದಲ್ಲ. ಆದರೆ ಅದರ ಜೀವಾಳ ಮಾರ್ಗದರ್ಶಕ ನರ್ಸ್: ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಸರದಿಯ ಮೇಲೆ ಹೋಗಿ, ಅಲ್ಲಿನ ನರ್ಸ್‌ಗಳ ಜೊತೆ ಹೆರಿಗೆ ಕೋಣೆಯಲ್ಲೇ ನಿಂತು, ಕೇಸ್ ಶೀಟ್ ಬಿಡಿಸಿ ಕೂತು ಕಲಿಸುವವರು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ 108 ಕೇಂದ್ರಗಳನ್ನು ಅರ್ಧರ್ಧ ಭಾಗ ಮಾಡಿ ಹೋಲಿಸಿದಾಗ, ಮಾರ್ಗದರ್ಶನ ಸಿಕ್ಕ 54 ಕೇಂದ್ರಗಳ ಸಿಬ್ಬಂದಿಯ ತಿಳಿವಳಿಕೆ ಮತ್ತು ಕೇಂದ್ರದ ಸಿದ್ಧತೆ ಎರಡೂ ಮೇಲಾಗಿದ್ದವು. ಅದನ್ನು ಉಳಿದ ಜಿಲ್ಲೆಗಳಿಗೂ ವಿಸ್ತರಿಸಿದರು. ಬಿಹಾರದಲ್ಲಿ ಇದೇ ಬಗೆಯ ಸಂಚಾರಿ ಮಾರ್ಗದರ್ಶಕ ನರ್ಸ್‌ಗಳ ಕೈಗೆ ಅಣಕು ತರಬೇತಿಯ ಸಾಮಗ್ರಿಯನ್ನೂ ಕೊಟ್ಟು ನೂರಾರು ಕೇಂದ್ರಗಳಿಗೆ ಕಳಿಸಿದರು. ಹೊಸ ನರ್ಸ್‌ಗೆ ಇಲ್ಲವಾದ ಅಜ್ಜಿಯ ಜಾಗವನ್ನು ತುಂಬಬಲ್ಲವರು ಇವರೇ. ಯೋಜನೆಯ ಹಣದ ಮೇಲೆ ಬಂದವರು ಹಣ ಮುಗಿದಾಗ ಹೋಗುತ್ತಾರೆ. ಆದ್ದರಿಂದ ಮಾರ್ಗದರ್ಶಕ ನರ್ಸ್ ಎಂಬುದು ತಾಲ್ಲೂಕಿಗೆ ಒಂದಾದರೂ ಕಾಯಂ ಹುದ್ದೆಯಾಗಬೇಕು. ಇದು ಬೇಡಿಕೆಯಾಗಬೇಕಾದ ಸಂಗತಿ, ಯಾರ ದಯೆಯೂ ಅಲ್ಲ.

ಸಾವಿನ ನಂತರ ನಡೆಯುವುದನ್ನೂ ಹೇಳಬೇಕು. ಅನುಭವವೇ ಗುರು ಎನ್ನುವ ವ್ಯವಸ್ಥೆಯಲ್ಲಿ ನರ್ಸ್‌ಗೆ ತನ್ನ ಕೆಲಸದ ಬಗ್ಗೆ ಯಾರಾದರೂ ಮಾತಾಡುವುದು ಬಾಣಂತಿ ಸತ್ತಾಗ ಮಾತ್ರ. ಆಗ ಸಂಬಂಧಿಕರು ಗೇಟಿನ ಮುಂದೆ, ಕ್ಯಾಮೆರಾ ಅವರ ಹಿಂದೆ, ಕೈಯಲ್ಲಿ ನೋಟಿಸು, ಕೆಲವೊಮ್ಮೆ ಅಮಾನತು. ಇದರಿಂದ ಆಕೆ ಕಲಿಯುವ ಪಾಠ ಒಂದೇ: ಸ್ವಲ್ಪ ಅನುಮಾನ ಬಂದರೂ ಮುಟ್ಟದೆ ರೆಫರ್ ಮಾಡಿಬಿಡುವುದು. ಮೊದಲ ಡೋಸ್ ಇಲ್ಲದೆ, ಡ್ರಿಪ್ ಇಲ್ಲದೆ, ಚೀಟಿಯೊಂದನ್ನು ಹಿಡಿದು ಆಂಬುಲೆನ್ಸ್ ಹತ್ತುವ ಹೆಂಗಸು ಆ ಪಾಠದ ಫಲ. ಅಣಕು ಅಭ್ಯಾಸದ ಕೊನೆಯಲ್ಲಿ ಕೂತು ಮಾತಾಡುವಾಗ ಯಾರ ತಪ್ಪು ಎಂದು ಕೇಳುವುದಿಲ್ಲ, ಏಕೆ ತಡವಾಯಿತು ಎಂದು ಕೇಳುತ್ತಾರೆ. ವೈದ್ಯರಿಗೆ ‘ಸರ್, ಬ್ಲೀಡಿಂಗ್ ನಿಂತಿಲ್ಲ, ಈಗಲೇ ಬರ್ರಿ’ ಎಂದು ಗಟ್ಟಿಯಾಗಿ ಹೇಳುವ ಧೈರ್ಯವೂ ಅಭ್ಯಾಸದಿಂದಲೇ ಬರುವಂಥದ್ದು. ವೈದ್ಯರೂ ಅದೇ ಆಟದಲ್ಲಿ ಪಾತ್ರ ವಹಿಸಿದರೆ ಬೇಗ ಬರುತ್ತದೆ.

ಉಳಿದದ್ದು ಹೊತ್ತು ಮತ್ತು ಹಣದ ಮಾತು. ಸಿಬ್ಬಂದಿಯೇ ಇಲ್ಲದ ಕಡೆ ಅಭ್ಯಾಸಕ್ಕೆ ಬಿಡುವೆಲ್ಲಿ ಎನ್ನುತ್ತಾರೆ. ಪೂರ್ತಿ ದಿನ ಬೇಕಿಲ್ಲ. ಪಾಳಿ ಬದಲಾಗುವಾಗ ಹೋಗುವವರು ಮತ್ತು ಬರುವವರು ಇಬ್ಬರೂ ಇರುವ ಹದಿನೈದು ನಿಮಿಷ ಸಾಕು, ವಾರಕ್ಕೊಂದು ಸ್ಥಿತಿ: ಒಂದು ವಾರ ರಕ್ತಸ್ರಾವ, ಮುಂದಿನ ವಾರ ಫಿಟ್ಸ್, ಅದರ ಮುಂದಿನ ವಾರ ಉಸಿರಾಡದ ಕೂಸು. ಕಟ್ಟಿಕೊಳ್ಳುವ ಹೊಟ್ಟೆಯನ್ನು ಕೊಳ್ಳಲಾಗದಿದ್ದರೆ ಟೇಲರ್ ಅಂಗಡಿಯಲ್ಲಿ ಹೊಲಿಸಬಹುದು. ರಕ್ತಕ್ಕೆ ಕೆಂಪು ಬಣ್ಣದ ನೀರು, ಚೀಲಕ್ಕೆ ಖಾಲಿ ಡ್ರಿಪ್ ಬಾಟಲಿ, ಆಂಪ್ಯೂಲಿಗೆ ಅವಧಿ ಮೀರಿದ ಔಷಧ ಆಗುತ್ತದೆ. ಕೊಪ್ಪಳದಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ಕೇಂದ್ರ ಸರ್ಕಾರದ ದಕ್ಷತಾ (2015), ಲಕ್ಷ್ಯ (2017) ಕಾರ್ಯಕ್ರಮಗಳ ಗುರಿಯೂ ಹೆರಿಗೆ ಕೋಣೆಯ ಗುಣಮಟ್ಟವನ್ನು ಎತ್ತುವುದೇ. ರಾಜ್ಯದಲ್ಲಿ 97% ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ ಎಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತು ಹೇಳುತ್ತದೆ. ತಾಯಂದಿರ ಮರಣ ಪ್ರಮಾಣ 2001–03ರಲ್ಲಿ ಲಕ್ಷ ಜೀವಂತ ಜನನಕ್ಕೆ 228 ಇದ್ದದ್ದು 2018–20ರ ಹೊತ್ತಿಗೆ 69ಕ್ಕೆ ಬಂದಿದೆ. ಹೆಂಗಸರನ್ನು ಮನೆಯಿಂದ ಹೆರಿಗೆ ಕೋಣೆಯವರೆಗೆ ಕರೆತರುವ ಕೆಲಸ ಬಹುಮಟ್ಟಿಗೆ ಆಗಿದೆ. ಉಳಿದಿರುವ ಸಾವುಗಳಲ್ಲಿ ಬಹಳಷ್ಟು ನಿರ್ಧಾರವಾಗುವುದು ಆ ಕೋಣೆಯೊಳಗೆ, ಪಾಳಿಯಲ್ಲಿರುವ ನರ್ಸ್ ಮೊದಲ ಹತ್ತು ನಿಮಿಷದಲ್ಲಿ ಏನು ಮಾಡುತ್ತಾಳೆ ಎಂಬುದರ ಮೇಲೆ.